ಕಪ್ಪೆಗೂ ಜ್ವರ ಬರುತ್ತದೆ ರಾಯರೇ

"ಅಲ್ಲಾ ಮೇಷ್ಟ್ರೇ, ಈ ಕಪ್ಪೆಗೆ ನೆಗಡಿ ಜ್ವರ ಅಂತ ಒಂದೂ ಬರೋದಿಲ್ವೇನ್ರೀ?"

ಪಕ್ಕದ ಮನೆ ರಾಯರ ಪ್ರಶ್ನೆ. ದಾಸವಾಳದ ಬೇಲಿಯ ಆಚೆಗೆ ಮಂಕಿ ಟೋಪಿ, ಅದರ ಮೇಲೊಂದು ಮಫ್ಲರು, ಕೈಯಲ್ಲಿ ಮೆಣಸಿನ ಕಷಾಯದ ಲೋಟ ಹಿಡಿದ ಅವರು; ಈಚೆಗೆ ನಾನು. ಅವರ ಬಚ್ಚಲ ನೀರು ನಮ್ಮ ಬಾಳೆ ಬುಡಕ್ಕೆ ಹರಿದುಬರುವ ಕಾಲುವೆಯಲ್ಲಿ ಅಂಗೈಯಗಲದ ಗೋಂಕರುಕಪ್ಪೆಯೊಂದು ಕೊಳೆನೀರಿಗೆ ಹೊಟ್ಟೆ ಕೊಟ್ಟು ಕೂತಿತ್ತು. ಜಿಟಿಜಿಟಿ ಮಳೆ ಹಿಡಿದಾಗಿನಿಂದ ರಾಯರಿಗೆ ಮೂಗು ಕಟ್ಟಿದೆ, ಗಂಟಲು ಕೆರೆತ. ಕಪ್ಪೆಗೆ ನೋಡಿದರೆ ಏನೂ ಇಲ್ಲ. ಅವರಿಗೆ ಹೊಟ್ಟೆಯುರಿ.

"ಬರುತ್ತೆ ರಾಯರೇ. ಜ್ವರವೂ ಬರುತ್ತೆ, ಜ್ವರ ಬಂದರೆ ಏನು ಮಾಡಬೇಕು ಅಂತ ಅದಕ್ಕೆ ಗೊತ್ತೂ ಇದೆ" ಅಂದೆ. ಅಷ್ಟು ಸಾಕಾಯಿತು. ಲೋಟ ಬೇಲಿಯ ಕಂಬದ ಮೇಲೆ ಕೂತಿತು. ಪೆನ್ಷನ್ ತೆಗೆದುಕೊಳ್ಳುವ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಇಂಥ ಶ್ರೋತೃ ಸಿಗುವುದೇ ಅಪರೂಪ.

ಮೊದಲು ಕಪ್ಪೆಯ ಕಷ್ಟ ಏನು ಅಂತ ನೋಡಿ. ಮೀನಿಗೆ ಹುರುಪೆ ಇದೆ, ಹಾವಿಗೆ ಪೊರೆ, ಕೋಳಿಗೆ ಪುಕ್ಕ, ನಾಯಿಗೆ ಕೂದಲು. ಕಪ್ಪೆಗೆ ಇರುವುದು ಬರೀ ಚರ್ಮ, ಅದೂ ತೀರಾ ತೆಳ್ಳಗಿನದು, ಸದಾ ಒದ್ದೆ. ದಪ್ಪ ಮಾಡಿಕೊಳ್ಳೋಣ ಅಂದರೆ ಆಗದು, ಏಕೆಂದರೆ ಅದು ಉಸಿರಾಡುವುದರಲ್ಲಿ ಒಂದು ಪಾಲು ಚರ್ಮದಿಂದಲೇ. ಬಾಯಿಂದ ನೀರು ಕುಡಿಯುವ ಅಭ್ಯಾಸವೂ ಅದಕ್ಕಿಲ್ಲ. ಒದ್ದೆ ನೆಲದ ಮೇಲೆ ಕುಕ್ಕರಿಸಿದರೆ ಹೊಟ್ಟೆಯಡಿಯ, ತೊಡೆಸಂದಿಯ ಚರ್ಮವೇ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸಾಧಾರಣ ಕೆರೆಯ ಒಂದು ಮಿಲಿಲೀಟರ್ ನೀರಿನಲ್ಲೇ ಹತ್ತು ಲಕ್ಷದ ಆಸುಪಾಸು ಬ್ಯಾಕ್ಟೀರಿಯಾ ಇರುತ್ತವೆ. ಬಚ್ಚಲ ಕಾಲುವೆಯ ಲೆಕ್ಕ ಕೇಳಲೇಬೇಡಿ. ಅಂಥ ನೀರಿಗೆ ಅಂಥ ಚರ್ಮ ತೆರೆದಿಟ್ಟು ಕೂತ ಪ್ರಾಣಿ ಎರಡು ದಿನದಲ್ಲಿ ಕೊಳೆತು ಹೋಗಬೇಕಿತ್ತಲ್ಲವೇ?

ರಾಯರ ಈ ಸಂಶಯ ಅಮೆರಿಕದ ಬೆಥೆಸ್ಡಾ ಎಂಬ ಊರಿನಲ್ಲೂ ಒಬ್ಬರಿಗೆ ಬಂದಿತ್ತು, 1980ರ ದಶಕದ ನಡುವಿನಲ್ಲಿ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮೈಕಲ್ ಜ್ಯಾಸ್ಲಾಫ್ ಅನ್ನುವ ವೈದ್ಯವಿಜ್ಞಾನಿ. ಅವರ ಕೆಲಸಕ್ಕೂ ಸೋಂಕಿಗೂ ಸಂಬಂಧವೇ ಇರಲಿಲ್ಲ. ಆರ್‌ಎನ್‌ಎ ಅಧ್ಯಯನಕ್ಕೆ ಅವರಿಗೆ ಕಪ್ಪೆಯ ಅಂಡಕೋಶಗಳು ಬೇಕಿದ್ದವು. ದಕ್ಷಿಣ ಆಫ್ರಿಕಾದ ಉಗುರುಗಪ್ಪೆ, ಕ್ಸೆನೋಪಸ್ ಅಂತ ಅದರ ಹೆಸರು, ಅದರ ಹೊಟ್ಟೆ ಕೊಯ್ದು ಅಂಡಾಶಯ ತೆಗೆದು, ಹೊಲಿಗೆ ಹಾಕಿ, ಮತ್ತೆ ತೊಟ್ಟಿಗೆ ಬಿಡುತ್ತಿದ್ದರು. ತೊಟ್ಟಿಯ ನೀರೋ, ಅದರದ್ದೇ ಹೇಲು ಉಚ್ಚೆಯೆಲ್ಲ ಕದಡಿದ್ದು. ಮನುಷ್ಯರಿಗೆ ಆಪರೇಷನ್ ಮಾಡಿ ಹೊಲಿಗೆ ಒಣಗುವ ಮುಂಚೆ ಇಂಥ ನೀರಿಗೆ ಇಳಿಸಿದರೆ ಏನಾದೀತು, ಯೋಚಿಸಿ. ಕಪ್ಪೆಯ ಗಾಯ ಮಾತ್ರ ಕೆಂಪಾಗಲಿಲ್ಲ, ಊದಲಿಲ್ಲ, ಕೀವು ಕಟ್ಟಲಿಲ್ಲ, ನೀಟಾಗಿ ಕೂಡಿಕೊಂಡಿತು. ಅದೆಷ್ಟೋ ಪ್ರಯೋಗಶಾಲೆಗಳಲ್ಲಿ ಅದೆಷ್ಟೋ ಜನ ಇದೇ ಕಪ್ಪೆಗೆ ಇದೇ ಹೊಲಿಗೆ ಹಾಕಿ ಇದೇ ನೀರಿಗೆ ಬಿಟ್ಟಿದ್ದರು. ಯಾಕೆ ಕೀವಾಗಲಿಲ್ಲ ಅಂತ ನಿಂತು ಕೇಳಿದವರು ಇವರು.

"ದಕ್ಷಿಣ ಆಫ್ರಿಕಾದ ಕಪ್ಪೆ ಅಮೆರಿಕಕ್ಕೆ ಯಾಕ್ರೀ ಹೋಯ್ತು?" ರಾಯರು ಬ್ಯಾಂಕಿನಲ್ಲಿದ್ದವರು, ಸರಕು ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯದೆ ಮುಂದಕ್ಕೆ ಬಿಡುವುದಿಲ್ಲ.

ಅದೂ ಒಂದು ಕತೆ. 1930ರ ಸುಮಾರಿಗೆ ಕೇಪ್‌ಟೌನಿನಲ್ಲಿದ್ದ ಲ್ಯಾನ್ಸ್‌ಲಾಟ್ ಹಾಗ್ಬೆನ್ ಎಂಬ ಇಂಗ್ಲಿಷ್ ವಿಜ್ಞಾನಿ ಈ ಕಪ್ಪೆಯ ಮೇಲೆ ನಡೆಸಿದ ಕೆಲಸದಿಂದ ಬಸಿರಿನ ಪರೀಕ್ಷೆಯೊಂದು ಹುಟ್ಟಿಕೊಂಡಿತು. ಬಸುರಿಯ ಮೂತ್ರವನ್ನು ಹೆಣ್ಣು ಉಗುರುಗಪ್ಪೆಗೆ ಚುಚ್ಚಿದರೆ ಮರುದಿನದೊಳಗೆ ಅದು ಮೊಟ್ಟೆ ಇಡುತ್ತದೆ. ಮುಂದೆ ದಶಕಗಳ ಕಾಲ ಆಸ್ಪತ್ರೆಗಳಿಗೆ ಈ ಕಪ್ಪೆಗಳನ್ನು ಹಡಗಿನಲ್ಲಿ ತುಂಬಿ ಕಳಿಸಿದರು. ಹಾಗೆ ಊರೂರು ಸೇರಿದ್ದು ಪ್ರಯೋಗಶಾಲೆಯ ಖಾಯಂ ನಿವಾಸಿಯಾಯಿತು.

ಬಟ್ಟೆ ಹಿಂಡುತ್ತಿದ್ದ ರಾಯರ ಹೆಂಡತಿ, ನನಗೆ ಅತ್ತಿಗೆ, ಅಲ್ಲಿಂದಲೇ "ರಾಮ ರಾಮಾ! ಬಸುರಿ ಹೆಂಗಸಿನ ಸುದ್ದಿ ಕಪ್ಪೆ ಹೇಳ್ಬೇಕಿತ್ತೇ?" ಅಂದರು.

ಜ್ಯಾಸ್ಲಾಫ್ ಕಪ್ಪೆಯ ಚರ್ಮ ತೆಗೆದು ಅರೆದು ಸೋಸಿದರು. ಸಿಕ್ಕಿದ್ದು ಎರಡು ಪುಟ್ಟ ಪ್ರೋಟೀನ್ ತುಣುಕುಗಳು. ಇಂಥ ತುಣುಕಿಗೆ ಪೆಪ್ಟೈಡ್ ಅನ್ನುತ್ತಾರೆ. ಒಂದೊಂದರಲ್ಲೂ 23 ಅಮೈನೋ ಆಮ್ಲ, ಅಷ್ಟೇ. ನಮ್ಮ ಇನ್ಸುಲಿನ್‌ನಲ್ಲಿ 51 ಇವೆ. ಅದರ ಅರ್ಧವೂ ಇಲ್ಲ. ಇವಕ್ಕೆ ಮೆಗಾಯ್ನಿನ್ ಅಂತ ಹೆಸರಿಟ್ಟು 1987ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯಾ, ಶಿಲೀಂಧ್ರ, ಏಕಕೋಶದ ಪರಜೀವಿ, ಎಲ್ಲವನ್ನೂ ಕೊಲ್ಲಬಲ್ಲ ಸಾಮಾನು. ಹಾಗಂತ ಕಪ್ಪೆಯ ಚರ್ಮದಲ್ಲಿ ಔಷಧ ಕಂಡವರಲ್ಲಿ ಅವರೇ ಮೊದಲಿಗರಲ್ಲ. 1970ರಲ್ಲೇ ಯುರೋಪಿನ ಹಳದಿ ಹೊಟ್ಟೆಯ ಕಪ್ಪೆಯೊಂದರಿಂದ ಬಾಂಬಿನಿನ್ ಎಂಬ ಇಂಥದ್ದೇ ಪೆಪ್ಟೈಡ್ ತೆಗೆದಿದ್ದರು. ಆಗ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಈಗ ನಾನಾ ಜಾತಿಯ ಕಪ್ಪೆಗಳಿಂದ ತೆಗೆದ ಇಂಥ ಪೆಪ್ಟೈಡ್‌ಗಳು ಸಾವಿರಕ್ಕೂ ಮಿಕ್ಕಿವೆ. ಒಂದು ಜಾತಿಯದು ಇನ್ನೊಂದಕ್ಕಿಲ್ಲ ಅನ್ನುವಷ್ಟು ಬೇರೆ ಬೇರೆ. ಒಂದೇ ಕಪ್ಪೆಯ ಮೈಯಲ್ಲಿ ಹತ್ತಿಪ್ಪತ್ತು ಬಗೆ.

"ಅಂದ್ರೆ ಆ ಲೋಳೆಯಲ್ಲೇ ಎಲ್ಲಾ ಇರೋದು?" ರಾಯರು ಬಗ್ಗಿ ನೋಡಿದರು. ಕಪ್ಪೆ ಒಂದು ಗೇಣು ಹಿಂದೆ ಸರಿಯಿತು.

ಲೋಳೆ ಬೇರೆ, ಇದು ಬೇರೆ. ಕಪ್ಪೆಯ ಚರ್ಮವನ್ನು ಅಡ್ಡಸೀಳಿ ಸೂಕ್ಷ್ಮದರ್ಶಕದ ಅಡಿ ನೋಡಿದರೆ ಒಳಗೆ ಎರಡು ಥರದ ಗ್ರಂಥಿ ಕಾಣುತ್ತವೆ. ಸಣ್ಣವು ಲೋಳೆ ಗ್ರಂಥಿ, ಇವು ಸದಾ ಜಿನುಗುತ್ತ ಮೈಯನ್ನು ಒದ್ದೆಯಾಗಿಡುತ್ತವೆ. ಇನ್ನೊಂದು ದೊಡ್ಡದು, ಕಣಗ್ರಂಥಿ. ಹೊಟ್ಟೆಗಿಂತ ಬೆನ್ನಿನ ಮೇಲೆ ಜಾಸ್ತಿ. ಒಳಗೆಲ್ಲ ಕಾಳುಕಾಳಾಗಿ ಪೆಪ್ಟೈಡ್ ತುಂಬಿಕೊಂಡು, ಸುತ್ತ ಸ್ನಾಯುಕೋಶಗಳ ಒಂದು ಪದರ ಹೊದ್ದು, ಮೇಲಕ್ಕೆ ಒಂದು ಸಣ್ಣ ತೂತು ಬಿಟ್ಟುಕೊಂಡು ಕೂತಿರುತ್ತದೆ. ಕಪ್ಪೆಗೆ ಗಾಯವಾಯಿತೋ, ಹಾವು ಕಚ್ಚಿ ಹಿಡಿಯಿತೋ, ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಆ ಸ್ನಾಯು ಬಿಗಿಯುತ್ತದೆ. ಶ್ಯಾವಿಗೆ ಒರಳಿನ ಹಿಡಿ ಅಮುಕಿದ ಹಾಗೆ ಒಳಗಿದ್ದದ್ದು ಸುರ್ರನೆ ಮೇಲೆ ಬರುತ್ತದೆ. ಬೆನ್ನ ಮೇಲೆ ಹಾಲಿನಂಥ ಬಿಳಿ ಪಸೆ. ಈಗಿನ ವಿಜ್ಞಾನಿಗಳು ಕಪ್ಪೆಯನ್ನು ಕೊಲ್ಲುವುದೂ ಇಲ್ಲ. ಅಡ್ರಿನಲಿನ್‌ನ ತಮ್ಮನಾದ ನಾರ್‌ಅಡ್ರಿನಲಿನ್ ಒಂದಿಷ್ಟು ಚುಚ್ಚುತ್ತಾರೆ, ಕಪ್ಪೆಯನ್ನು ನೀರಲ್ಲಿ ಕೂರಿಸುತ್ತಾರೆ, ಬಿಟ್ಟುಕೊಟ್ಟ ಸರಕನ್ನು ಬಳಿದುಕೊಂಡು ಕಪ್ಪೆಯನ್ನು ವಾಪಸು ಬಿಡುತ್ತಾರೆ. ಖಾಲಿಯಾದ ಗ್ರಂಥಿ ಮತ್ತೆ ತುಂಬಲು ದಿನಗಳೇ ಹಿಡಿಯುತ್ತವೆ. ಆದ್ದರಿಂದ ಸುಮ್ಮಸುಮ್ಮನೆ ಕಪ್ಪೆಗೆ ಕಡ್ಡಿ ಚುಚ್ಚಿ ಬೆದರಿಸುವ ಮಕ್ಕಳನ್ನು ಕಂಡರೆ ನನಗೆ ರೇಗುತ್ತದೆ. ದಿನಗಟ್ಟಲೆ ಕೂಡಿಟ್ಟದ್ದನ್ನು ಒಂದು ಗಳಿಗೆಯಲ್ಲಿ ಖರ್ಚು ಮಾಡಿಸಿಬಿಡುತ್ತಾರೆ.

ಈ ಪೆಪ್ಟೈಡ್ ಬ್ಯಾಕ್ಟೀರಿಯಾವನ್ನು ಹೇಗೆ ಕೊಲ್ಲುತ್ತದೆ ಅನ್ನುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ತರಗತಿಯಲ್ಲಿ ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ಪೆಪ್ಟೈಡ್‌ಗೆ ಧನ ವಿದ್ಯುದಂಶ. ಬ್ಯಾಕ್ಟೀರಿಯಾದ ಹೊರಪೊರೆಗೆ ಋಣ. ಹತ್ತಿರ ಬಂದರೆ ಸೆಳೆದುಕೊಂಡು ಅಂಟಿಕೊಳ್ಳುತ್ತದೆ. ನೀರಿನಲ್ಲಿ ತೇಲುವಾಗ ಅದಕ್ಕೊಂದು ರೂಪವೇ ಇಲ್ಲ, ಬರೀ ನೂಲಿನೆಳೆ. ಪೊರೆ ತಾಗಿದ ಕೂಡಲೇ ಸುರುಳಿ ಸುತ್ತಿಕೊಳ್ಳುತ್ತದೆ, ಎಂಥ ಸುರುಳಿ ಅಂದರೆ ಅದರ ಒಂದು ಮಗ್ಗುಲು ನೀರನ್ನು ಬಯಸುವಂಥದ್ದು, ಇನ್ನೊಂದು ಮಗ್ಗುಲು ಕೊಬ್ಬನ್ನು. ಪೊರೆಯೇ ಕೊಬ್ಬಿನದ್ದು. ಕೊಬ್ಬಿನ ಮಗ್ಗುಲಾಗಿ ಒಳಕ್ಕೆ ಹೊಕ್ಕು, ಹತ್ತಾರು ಸೇರಿ ಪೊರೆಯಲ್ಲಿ ತೂತು ಮಾಡುತ್ತವೆ. ಒಳಗಿದ್ದ ಉಪ್ಪು ನೀರು ಸೋರಿ, ಬ್ಯಾಕ್ಟೀರಿಯಾ ನಿಮಿಷಗಳಲ್ಲಿ ಸತ್ತೇ ಹೋಗುತ್ತದೆ. ಕಪ್ಪೆಯ ಸ್ವಂತ ಕೋಶಗಳ ಹೊರಮೈಯಲ್ಲಿ ಆ ಋಣ ವಿದ್ಯುದಂಶ ಇಲ್ಲ, ಜೊತೆಗೆ ಕೊಲೆಸ್ಟೆರಾಲ್ ಸೇರಿ ಗಟ್ಟಿಯಾಗಿದೆ. ಹಾಗಾಗಿ ತನ್ನ ಬಾಣ ತನಗೇ ತಾಗುವುದಿಲ್ಲ.

"ಕೊಲೆಸ್ಟೆರಾಲ್ ಒಳ್ಳೇದು ಅಂತ ಇವತ್ತು ಮೊದಲ ಸಲ ಕೇಳ್ತಿದೀನಿ" ಅಂದರು ರಾಯರು, ಒಳಗಡೆ ತಿರುಗಿ, ಅತ್ತಿಗೆಗೆ ಕೇಳಿಸುವ ಹಾಗೆ.

ಮಾಮೂಲಿ ಆಂಟಿಬಯಾಟಿಕ್‌ಗೆ ಬ್ಯಾಕ್ಟೀರಿಯಾ ಬೇಗ ಒಗ್ಗಿಕೊಳ್ಳುತ್ತದೆ. ಯಾವುದೋ ಒಂದು ಕಿಣ್ವ ಬದಲಾಯಿಸಿದರೆ ಪಾರು. ಇಲ್ಲಿ ಪಾರಾಗಬೇಕಾದರೆ ಪೊರೆಯನ್ನೇ ಬದಲಾಯಿಸಿಕೊಳ್ಳಬೇಕು, ಅದು ದುಬಾರಿ ವ್ಯವಹಾರ. ಅಸಾಧ್ಯವೇನಲ್ಲ. ಪೆಪ್ಟೈಡನ್ನು ಕತ್ತರಿಸಿ ಹಾಕುವ ಕಿಣ್ವ ಉಗುಳುವ ಬ್ಯಾಕ್ಟೀರಿಯಾಗಳೂ ಇವೆ. ಕಪ್ಪೆ ಒಂದರ ಬದಲು ಇಪ್ಪತ್ತು ಬಗೆ ಇಟ್ಟುಕೊಂಡಿರುವುದು ಬಹುಶಃ ಅದಕ್ಕೇ.

ರಷ್ಯಾ, ಫಿನ್‌ಲೆಂಡ್ ಕಡೆಯ ಹಳ್ಳಿಗಳಲ್ಲಿ ಫ್ರಿಜ್ ಬರುವ ಮುಂಚೆ ಹಾಲು ಹುಳಿಯದಿರಲಿ ಅಂತ ಹಾಲಿನ ಪಾತ್ರೆಗೆ ಒಂದು ಜೀವಂತ ಕಂದುಕಪ್ಪೆ ಬಿಡುತ್ತಿದ್ದರಂತೆ ಅನ್ನುವುದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಹೇಳಿಯೇಬಿಟ್ಟೆ. ಬಕೆಟ್ಟು ದಢಾರನೆ ಕೆಳಗಿಟ್ಟ ಸದ್ದು ಬಂತು. ಆದರೆ ಮಾಸ್ಕೋ ವಿಶ್ವವಿದ್ಯಾಲಯದವರು ಅದೇ ಕಂದುಕಪ್ಪೆಯ ಚರ್ಮದ ರಸವನ್ನು ಪರೀಕ್ಷಿಸಿ, ಮೊದಲೇ ಗೊತ್ತಿದ್ದವುಗಳ ಜೊತೆಗೆ ಇನ್ನೂ 76 ಪೆಪ್ಟೈಡ್ ಪತ್ತೆಮಾಡಿ 2012ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಕೆಲವು ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳ ಮೇಲೆ ಡಾಕ್ಟರು ಬರೆದುಕೊಡುವ ಔಷಧಿಯಷ್ಟೇ ಚೆನ್ನಾಗಿ ಕೆಲಸ ಮಾಡಿದವು. ಅಜ್ಜಿಯರ ಮಾತಿನಲ್ಲಿ ಹುರುಳಿತ್ತು. "ಹುರುಳಿದ್ದರೆ ಇರಲಿ, ನಮ್ಮ ಮನೆ ಹಾಲಿನ ಸುದ್ದಿಗೆ ಬರಬೇಡಿ" ಅಂತ ಒಳಗಿನಿಂದ ಆಜ್ಞೆಯಾಯಿತು.

ಇಷ್ಟು ಕೇಳಿ ರಾಯರು, ಹಾಗಾದರೆ ಕಪ್ಪೆಯನ್ನು ಚೊಕ್ಕಟವಾದ ನೀರಿನಲ್ಲಿಟ್ಟು ಸಾಕಿದರೆ ಇನ್ನೂ ಗಟ್ಟಿಮುಟ್ಟಾಗಿರುತ್ತದಲ್ಲ ಅಂದರು. ಅವರೊಬ್ಬರೇ ಅಲ್ಲ, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ವಿಷಯ ತಿರುಗುವುದು ಇಲ್ಲೇ. 1990ರ ದಶಕದ ಕೊನೆಯಲ್ಲಿ ರೋಮ್ ಮತ್ತು ಸ್ಟಾಕ್‌ಹೋಮ್‌ನ ಸಂಶೋಧಕರು ಯುರೋಪಿನವರು ತಿನ್ನುವ ಜಾತಿಯ ಕಪ್ಪೆಗಳನ್ನು ಕ್ರಿಮಿಯೇ ಇಲ್ಲದ ಹಾಗೆ ಚೊಕ್ಕಟವಾಗಿ ಇಟ್ಟು ನೋಡಿದರು. ಪೆಪ್ಟೈಡ್ ತಯಾರಿಕೆ ನಿಂತೇ ಹೋಯಿತು. ಸ್ವಲ್ಪ ಬ್ಯಾಕ್ಟೀರಿಯಾದ ಸಂಪರ್ಕ ಕೊಟ್ಟದ್ದೇ ತಡ, ಮತ್ತೆ ಶುರು. ಕಪ್ಪೆಯ ಚರ್ಮಕ್ಕೆ ಕೊಳೆಯೇ ಕೆಲಸದ ಕರೆ. ಇನ್ನೊಂದು ಪ್ರಯೋಗದಲ್ಲಿ ಕಪ್ಪೆಗೆ ಮೊದಲು ಸ್ಟೀರಾಯ್ಡ್ ಕೊಟ್ಟರು, ನಾವು ತುರಿಕೆಗೆ ಹಚ್ಚುವ ಮುಲಾಮಿನಲ್ಲಿ ಇರುತ್ತದಲ್ಲ, ಆ ಜಾತಿಯದ್ದು. ಆಮೇಲೆ ಬ್ಯಾಕ್ಟೀರಿಯಾ ತಾಗಿಸಿದರೂ ಪೆಪ್ಟೈಡ್ ತಯಾರಾಗಲಿಲ್ಲ. ಈ ಸ್ಟೀರಾಯ್ಡ್ ಬಗೆಯ ಹಾರ್ಮೋನನ್ನು ಮೈ ತಾನೇ ತಯಾರಿಸುವುದು ಯಾವಾಗ? ಸಂಕಟದಲ್ಲಿ. ಹಸಿವು, ನೂಕುನುಗ್ಗಲು, ಭಯ.

ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡವನು. ಕಾಲೇಜಿನಲ್ಲಿ ಇನ್ನೂ ಕಪ್ಪೆ ಕೊಯ್ಯುತ್ತಿದ್ದ ಕಾಲ. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದರೆ ಒದ್ದೆ ಗೋಣಿಚೀಲದಲ್ಲಿ ಒಂದರ ಮೇಲೊಂದು ಬಿದ್ದ ಕಪ್ಪೆಗಳು ಬಂದಿಳಿಯುತ್ತಿದ್ದವು. ಸಿಮೆಂಟು ತೊಟ್ಟಿಗೆ ಸುರಿದು ಮೇಲೆ ಜಾಲರಿ ಮುಚ್ಚುತ್ತಿದ್ದೆವು. ಗದ್ದೆಯಲ್ಲಿ ಹಿಡಿದಾಗ ಆರೋಗ್ಯವಾಗಿದ್ದ ಕಪ್ಪೆಗಳೇ. ಕೆಲವೇ ದಿನ ಕಳೆಯುವಷ್ಟರಲ್ಲಿ ಒಂದೆರಡು ಮೂಲೆ ಸೇರುತ್ತಿದ್ದವು. ಮುಟ್ಟಿದರೆ ಜಿಗಿಯುವುದಿಲ್ಲ. ಮಗುಚಿದರೆ ಹಾಗೇ ಬಿದ್ದಿರುತ್ತವೆ. ತೊಡೆಯ ಒಳಭಾಗ, ಹೊಟ್ಟೆಯ ಕೆಳಭಾಗ ಬಿಳಿಚಿರುವುದು ಬಿಟ್ಟು ಕೆಂಪು, ಹತ್ತಿರದಿಂದ ನೋಡಿದರೆ ಚರ್ಮದಡಿ ಸೂಜಿಮೊನೆಯಷ್ಟು ಸಣ್ಣ ರಕ್ತದ ಚುಕ್ಕಿಗಳು. ಆಮೇಲೆ ಒಂದರ ಹಿಂದೊಂದು ಸಾವು. ಕೆಂಗಾಲು ರೋಗ ಅನ್ನುತ್ತಿದ್ದೆವು. 1905ರಲ್ಲೇ ಅಮೆರಿಕದವರು ಇದೇ ಅರ್ಥದ ಹೆಸರಿನಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಕಾರಣವೆಂದು ಹೆಸರಾದದ್ದು ಏರೊಮೊನಾಸ್ ಹೈಡ್ರೊಫಿಲಾ ಎಂಬ ಬ್ಯಾಕ್ಟೀರಿಯಾ. ತಮಾಷೆ ಏನೆಂದರೆ ಅದು ಎಲ್ಲಿಂದಲೋ ಬಂದದ್ದಲ್ಲ. ಕೆರೆ, ಗದ್ದೆ, ಕಾಲುವೆ, ಆರೋಗ್ಯವಂತ ಕಪ್ಪೆಯ ಕರುಳು, ಎಲ್ಲ ಕಡೆ ಇರುವ ನೆಂಟನೇ ಅದು. ಗೋಣಿಚೀಲದಲ್ಲಿ ಒತ್ತಿಸಿಕೊಂಡು, ಹಸಿದು, ಬೆದರಿ, ಚರ್ಮ ತರಚಿ, ಕೂಡಿಟ್ಟ ಪೆಪ್ಟೈಡ್ ಖಾಲಿ ಮಾಡಿಕೊಂಡ ಕಪ್ಪೆಯ ರಕ್ತಕ್ಕೆ ಅದು ಇಳಿಯುತ್ತದೆ. ಹಾಗಂತ ಕಾಲು ಕೆಂಪಾದದ್ದಕ್ಕೆಲ್ಲ ಇದೇ ಕಾರಣ ಎನ್ನುವಂತಿಲ್ಲ. ವೈರಸ್ಸೋ ಶಿಲೀಂಧ್ರವೋ ಮೊದಲು ಮೈ ಕೆಡಿಸಿ, ಆಮೇಲೆ ಏರೊಮೊನಾಸ್ ನುಗ್ಗಿದ ಪ್ರಸಂಗಗಳೂ ಹೊರಬಿದ್ದಿವೆ.

"ಜ್ವರದ ವಿಷಯ ಬಿಟ್ಟೇ ಬಿಟ್ರಲ್ಲ" ರಾಯರು ಎಳೆದು ತಂದರು.

ಕಪ್ಪೆಗೆ ಮೈ ಬಿಸಿ ಮಾಡಿಕೊಳ್ಳುವ ಒಲೆ ಇಲ್ಲ. ಸುತ್ತಲಿನ ಶಾಖ ಎಷ್ಟೋ ಮೈಯ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಇಂಥದ್ದಕ್ಕೆ ಜ್ವರ ಹೇಗೆ ಬರಬೇಕು? ಮಿಶಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ಮೊದಲು ಹಲ್ಲಿ ಜಾತಿಯ ಪ್ರಾಣಿಗಳ ಮೇಲೆ, ಆಮೇಲೆ 1977ರಲ್ಲಿ ಹಸಿರು ಮರಗಪ್ಪೆಗಳ ಮೇಲೆ ಇದನ್ನು ನೋಡಿದರು. ಒಂದು ಕಡೆ ತಂಪು, ಇನ್ನೊಂದು ಕಡೆ ಬೆಚ್ಚಗೆ ಇರುವ ಜಾಗ ಮಾಡಿಕೊಟ್ಟರು. ಕಪ್ಪೆ ತನಗೆ ಹಿತವೆನಿಸಿದಲ್ಲಿ ಕೂರಬಹುದು. ಅದೇ ಏರೊಮೊನಾಸ್ ಚುಚ್ಚಿದ ಕಪ್ಪೆಗಳು ಎದ್ದು ಹೋಗಿ ಬೆಚ್ಚನೆಯ ಕಡೆ ಕೂತವು. ಒಳಗಿಂದ ಬರದ ಜ್ವರವನ್ನು ಹೊರಗಿಂದ ತರಿಸಿಕೊಂಡವು. ಹಲ್ಲಿಗಳ ಪ್ರಯೋಗದಲ್ಲಂತೂ ಬೆಚ್ಚಗಿನ ಜಾಗ ಸಿಕ್ಕವು ಹೆಚ್ಚಾಗಿ ಬದುಕಿದವು, ತಣ್ಣಗಿನಲ್ಲಿ ಉಳಿದವು ಹೆಚ್ಚಾಗಿ ಸತ್ತವು. ಶಾಖ ಒಂದಿಷ್ಟು ಏರಿದರೆ ಬಿಳಿರಕ್ತಕಣಗಳ ಓಡಾಟ ಚುರುಕಾಗುತ್ತದೆ, ಪ್ರತಿಕಾಯಗಳ ತಯಾರಿ ಬೇಗ ಆಗುತ್ತದೆ.

ರಾಯರಿಗೆ ಇದು ಒಪ್ಪಿಗೆಯಾಗಲಿಲ್ಲ. "ಶೃಂಗೇರಿಯಲ್ಲಿ ಕಪ್ಪೆಗೆ ಬಿಸಿಲು ತಾಗಬಾರದು ಅಂತ ನಾಗರಹಾವೇ ಹೆಡೆ ಬಿಚ್ಚಿ ನೆರಳು ಮಾಡ್ತು. ಕಪ್ಪೆ ಶಂಕರನ ಗುಡಿ ನೋಡಿಲ್ವೇ ನೀವು? ಈಗ ನೋಡಿದ್ರೆ ಕಪ್ಪೆ ತಾನಾಗೇ ಬಿಸಿಲಿಗೆ ಹೋಗುತ್ತೆ ಅಂತೀರಿ."

"ಅದು ಹೆರಿಗೆ ನೋವಿನ ಕಪ್ಪೆ ರಾಯರೇ, ಜ್ವರದ್ದಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಅದೂ ಸರಿಯೇ ಅನ್ನುವ ಹಾಗೆ ತಲೆಯಾಡಿಸಿದರು.

ಆದರೆ ಬಿಸಿ ಅಂದರೆ ಕಪ್ಪೆಗೆ ಯಾವಾಗಲೂ ಲಾಭ ಅಂತ ತಿಳಿಯಬೇಡಿ. ದನಕರುಗಳಿಗೆ ಬರುವ ಆಂತ್ರಾಕ್ಸ್, ನಮ್ಮ ಕಡೆ ನೆರಡಿ ರೋಗ ಅನ್ನುತ್ತಾರಲ್ಲ, ಅದರ ಬ್ಯಾಕ್ಟೀರಿಯಾ ಕಪ್ಪೆಯ ಮೇಲೆ ಏನೂ ನಡೆಸಲಾರದು. 1882ರಲ್ಲಿ ಪಾಲ್ ಗಿಬಿಯೆ ಎಂಬ ಫ್ರೆಂಚರು ಕಪ್ಪೆಗಳನ್ನು ಬೆಚ್ಚನೆಯ ನೀರಿನಲ್ಲಿಟ್ಟು ಆಂತ್ರಾಕ್ಸ್ ತಗುಲಿಸಿದರು, ರೋಗ ಹಿಡಿಯಿತು. ಬಿಸಿರಕ್ತದ ಪ್ರಾಣಿಯಲ್ಲಿ ಬೆಳೆದು ರೂಢಿಯಾದ ಆ ಬ್ಯಾಕ್ಟೀರಿಯಾಕ್ಕೆ ಕಪ್ಪೆಯ ತಣ್ಣನೆ ಮೈ ಒಗ್ಗುತ್ತಿರಲಿಲ್ಲ. ಆ ಕಾಲದಲ್ಲಿ ಇದೊಂದು ದೊಡ್ಡ ಜಗಳ. ಕಪ್ಪೆ ಉಳಿಯುವುದು ತಂಪಿನಿಂದಲೋ, ಅಥವಾ ಅದರ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ನುಂಗುವುದರಿಂದಲೋ ಅಂತ. ನುಂಗುವ ಪಕ್ಷದ ವಕೀಲರು ರಷ್ಯಾದ ಇಲ್ಯಾ ಮೆಚ್ನಿಕಾಫ್. ಗೊದಮೊಟ್ಟೆಯ ಬಾಲ ಕರಗುವಾಗ ಅದನ್ನು ಅಲೆಮಾರಿ ಕೋಶಗಳು ತಿಂದು ಹಾಕುವುದನ್ನು ನೋಡಿದ್ದವರು ಅವರು. ನುಂಗುವ ಕೋಶಗಳ ಈ ವಿಚಾರಕ್ಕೇ ಅವರಿಗೆ 1908ರಲ್ಲಿ ನೊಬೆಲ್ ಬಂತು. ನಮ್ಮ ಮೈಯ ರಕ್ಷಣೆಯ ಶಾಸ್ತ್ರ ಕಲಿತದ್ದರಲ್ಲಿ ಕಪ್ಪೆಯ ಋಣ ಒಂದಿಷ್ಟಿದೆ.

ಚರ್ಮ ದಾಟಿ ಒಳಬಂದ ಬ್ಯಾಕ್ಟೀರಿಯಾವನ್ನು ಮೊದಲು ಎದುರಿಸುವುದು ಈ ನುಂಗುಕೋಶಗಳೇ. ಆಮೇಲೆ ಪ್ರತಿಕಾಯ. ನಮ್ಮ ಹಾಗೇ ಕಪ್ಪೆಗೂ ಥೈಮಸ್ ಇದೆ, ಗುಲ್ಮ ಇದೆ, ಕರುಳಿನ ಕಾವಲಿಗೆ ಬೇರೆಯೇ ಜಾತಿಯ ಪ್ರತಿಕಾಯವೂ ಇದೆ. ಇಲ್ಲದ್ದು ದುಗ್ಧಗ್ರಂಥಿ, ಗಂಟಲು ನೋವಾದರೆ ದವಡೆಯ ಕೆಳಗೆ ಗಂಟು ಕಟ್ಟುತ್ತದಲ್ಲ, ಅದು. ಗಂಟಿಲ್ಲದಿದ್ದರೂ ದುಗ್ಧರಸ ಮಾತ್ರ ಧಾರಾಳ. ಕಪ್ಪೆ ಕೊಯ್ದವರಿಗೆಲ್ಲ ನೆನಪಿರುತ್ತದೆ: ಚಿಮಟದಲ್ಲಿ ಹೊಟ್ಟೆಯ ಚರ್ಮ ಎತ್ತಿದರೆ ಅದು ಮಾಂಸಕ್ಕೆ ಅಂಟಿಕೊಂಡಿರುವುದೇ ಇಲ್ಲ, ಸಡಿಲವಾಗಿ ಮೇಲೆ ಬರುತ್ತದೆ, ಅಲ್ಲಲ್ಲಿ ಮಾತ್ರ ತೆಳ್ಳನೆಯ ಪೊರೆಯ ಗೋಡೆ. ಆ ಸಂದಿನಲ್ಲಿರುವುದೆಲ್ಲ ದುಗ್ಧರಸದ ಚೀಲಗಳು. ಅದನ್ನು ರಕ್ತಕ್ಕೆ ತಳ್ಳಲು ಬೇರೆ ಪುಟ್ಟ ಹೃದಯಗಳೇ ಇವೆ. ಎದೆಯ ಗುಂಡಿಗೆಯ ತಾಳಕ್ಕೂ ಅವುಗಳ ತಾಳಕ್ಕೂ ಸಂಬಂಧವಿಲ್ಲ. ಪ್ರತಿಕಾಯದ ವಿಷಯದಲ್ಲಿ ಕಪ್ಪೆ ನಿಧಾನಿ. ನಮ್ಮಲ್ಲಿ ಒಂದೇ ಸೋಂಕು ಮತ್ತೆ ಮತ್ತೆ ಬಂದರೆ ಪ್ರತಿಕಾಯ ಹೆಚ್ಚು ಹೆಚ್ಚು ಮೊನಚಾಗುತ್ತ ಹೋಗುತ್ತದೆ. ಕಪ್ಪೆಯಲ್ಲಿ ಆ ಮೊನಚು ಅಷ್ಟಾಗಿ ಬರುವುದಿಲ್ಲ. ಚಳಿಯಲ್ಲಂತೂ ಇನ್ನೂ ತಡ. ಹಿಂದಿನ ಪಡೆ ಇಷ್ಟು ಆಮೆ ನಡಿಗೆಯದ್ದು ಅಂತ ಗೊತ್ತಾದ ಮೇಲೆ ಬಾಗಿಲಲ್ಲೇ ಅಷ್ಟೊಂದು ಏರ್ಪಾಡು ಯಾಕೆ ಅನ್ನುವುದು ಅರ್ಥವಾಗುತ್ತದೆ.

ಗೊದಮೊಟ್ಟೆಯ ಪಾಡು ಇನ್ನೂ ವಿಚಿತ್ರ. ಅದಕ್ಕೊಂದು ಚಿಕ್ಕ ರಕ್ಷಣಾ ವ್ಯವಸ್ಥೆ ಇರುತ್ತದೆ, ತನ್ನದು ಯಾವುದು ಹೊರಗಿನದು ಯಾವುದು ಅಂತ ಅದು ಕಲಿತಿರುತ್ತದೆ. ಅಷ್ಟರಲ್ಲಿ ಥೈರಾಯ್ಡ್ ಹಾರ್ಮೋನು ಏರಿ, ಬಾಲ ಕರಗಿ, ಕಾಲು ಮೂಡಿ, ಮೈಯೊಳಗೆ ಹಿಂದೆಂದೂ ಇಲ್ಲದ ಹೊಸ ಹೊಸ ಪ್ರೋಟೀನುಗಳು ಹುಟ್ಟುತ್ತವೆ. ಗೊದಮೊಟ್ಟೆಯ ಕಾವಲುಗಾರರ ಕಣ್ಣಿಗೆ ಇವೆಲ್ಲ ಪರಕೀಯ. ಅವರು ಕೈಮಾಡಿದರೆ ಕಪ್ಪೆ ತನ್ನನ್ನು ತಾನೇ ತಿಂದುಕೊಳ್ಳಬೇಕು. ಹಾಗಾಗಿ ಆ ಹೊತ್ತಿಗೆ ಮೈ ಹಳೆಯ ಕಾವಲುಗಾರರನ್ನು ದಂಡಿಯಾಗಿ ಸಾಯಲು ಬಿಟ್ಟು, ಹೊಸಬರಿಗೆ ಹೊಸದಾಗಿ ಪಾಠ ಕಲಿಸುತ್ತದೆ. ಉಗುರುಗಪ್ಪೆಯಲ್ಲಿ ಇದನ್ನು ಬಿಡಿಸಿ ನೋಡಿದವರಲ್ಲಿ ಸ್ವಿಟ್ಜರ್ಲೆಂಡಿನ ಲೂಯಿ ದು ಪಾಸ್ಕಿಯೆ, ಅಮೆರಿಕದ ಲೂಯಿಸ್ ರಾಲಿನ್ಸ್-ಸ್ಮಿತ್ ಹೆಸರಾದವರು. ಬಾಲ ಕರಗಿದ ಹೊಸದರಲ್ಲಿ ಮರಿಕಪ್ಪೆಗಳು ಸುಲಭವಾಗಿ ಸೋಂಕಿಗೆ ಬೀಳುವುದಕ್ಕೆ ಈ ಸಂಧಿಕಾಲವೇ ಒಂದು ಕಾರಣ.

ಚರ್ಮಕ್ಕೆ ಇನ್ನೂ ಎರಡು ಉಪಾಯಗಳಿವೆ. ಒಂದು, ಆಗಾಗ ಮೇಲಿನ ಪದರ ಕಳಚಿ ಬಿಸಾಡುವುದು. ಬಿಸಾಡುವುದು ಅನ್ನಬಾರದು, ತಿನ್ನುವುದು. ರಾತ್ರಿ ಟಾರ್ಚು ಹಿಡಿದು ಕಾದರೆ ಕಾಣಬಹುದು: ಬೆನ್ನು ಉಬ್ಬಿಸುತ್ತದೆ, ಬಾಯಿ ಪದೇ ಪದೇ ತೆರೆದು ಮುಚ್ಚುತ್ತದೆ, ತುಟಿಯ ಎರಡೂ ಕೊನೆಯಿಂದ ಪಾರದರ್ಶಕವಾದ ತೆಳುಪೊರೆ ಒಳಗೆ ಹೋಗುತ್ತಿರುತ್ತದೆ, ಮುಂಗಾಲಿನಿಂದ ತಲೆಯ ಮೇಲಿನದನ್ನು ಸವರಿ ಬಾಯಿಗೆ ತಳ್ಳಿಕೊಳ್ಳುತ್ತದೆ. ಕಳಚಿದ ಮೇಲೆ ಮೈಮೇಲಿನ ಬ್ಯಾಕ್ಟೀರಿಯಾದ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ ಅಂತ ಅಳೆದು ನೋಡಿದ್ದಾರೆ. ಎರಡನೆಯದು ಒಳ್ಳೆಯ ಬ್ಯಾಕ್ಟೀರಿಯಾಗಳ ಸಾಕಣೆ. ಜಾಂಥಿನೊಬ್ಯಾಕ್ಟೀರಿಯಂ ಅನ್ನುವ ನೇರಳೆ ಬಣ್ಣದ್ದೊಂದು ಕೆಲವು ಕಪ್ಪೆಗಳ ಮೈಮೇಲೇ ಮನೆ ಮಾಡಿಕೊಂಡು, ಲೋಕದ ಕಪ್ಪೆಗಳನ್ನು ಕೊಲ್ಲುತ್ತಿರುವ ಶಿಲೀಂಧ್ರವನ್ನು ತಡೆಯುವ ರಸ ಬಿಡುತ್ತದೆ. ಶಿಲೀಂಧ್ರದ ಕತೆ ತೆಗೆದರೆ ಸಂಜೆಯಾಗುತ್ತದೆ. ಅದು ಇನ್ನೊಂದು ದಿನಕ್ಕಿರಲಿ.

ರಾಯರಿಗೆ ಇಷ್ಟು ಹೊತ್ತಿಗೆ ಬೇರೆಯೇ ಯೋಚನೆ ಹತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ, ಹೆಬ್ಬೆರಳ ಸಂದಿಯಲ್ಲೊಂದು ಹುಣ್ಣು ಬೇಗ ವಾಸಿಯಾಗುತ್ತಿಲ್ಲ. "ಆ ಕಪ್ಪೆ ಸಾಮಾನು ಮುಲಾಮಾಗಿ ಬಂದಿದೆಯೇ?"

ಸರಿಯಾದ ಜಾಗಕ್ಕೇ ಕೈಹಾಕಿದರು. ಜ್ಯಾಸ್ಲಾಫ್ ಆಗಲೇ ಒಂದು ಕಂಪನಿ ಕಟ್ಟಿದ್ದರು. ಮೆಗಾಯ್ನಿನ್‌ನ ಅಮೈನೋ ಆಮ್ಲಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ಪೆಕ್ಸಿಗನಾನ್ ಎಂಬ ಮುಲಾಮು ತಯಾರಾಯಿತು, ಅದೂ ಸರಿಯಾಗಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೇ. ರೋಗಿಗಳ ಮೇಲೆ ಪರೀಕ್ಷೆಯೂ ಆಯಿತು. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಡಲಿಲ್ಲ. ವರ್ಷಗಳ ನಂತರ ಇನ್ನೊಂದು ಕಂಪನಿ ಅದನ್ನೇ ಕೈಗೆತ್ತಿಕೊಂಡಿತು. 2016ರಲ್ಲಿ ಬಂದ ಫಲಿತಾಂಶದಲ್ಲಿ ಔಷಧವಿಲ್ಲದ ಬರೀ ಕ್ರೀಮಿಗಿಂತ ಅದು ಮೇಲು ಅಂತ ಸಾಬೀತಾಗಲಿಲ್ಲ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ಚಿಂದಿ ಮಾಡುವ ವಸ್ತು ಮನುಷ್ಯನ ಕಾಲಿನ ಮೇಲೆ ಸೋತಿತು. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಕಪ್ಪೆಯ ಮೈಮೇಲೆ ಇಪ್ಪತ್ತು ಪೆಪ್ಟೈಡ್ ಒಟ್ಟಿಗೆ ದುಡಿಯುತ್ತವೆ, ಕೆಳಗೆ ಲೋಳೆ, ಜೊತೆಗೆ ಸಾಕಿದ ಬ್ಯಾಕ್ಟೀರಿಯಾ, ವಾರ ಹದಿನೈದು ದಿನಕ್ಕೊಮ್ಮೆ ಹೊಸ ಚರ್ಮ, ಮೈಗೆ ಆಗದಿದ್ದರೆ ಬಿಸಿಲು. ನಾವು ಅದರಲ್ಲಿ ಒಂದನ್ನು ಕಿತ್ತು ತಂದು ಟ್ಯೂಬಿಗೆ ತುಂಬಿ, ರಕ್ತವೇ ಸರಿಯಾಗಿ ಓಡದ ಪಾದಕ್ಕೆ ಸವರಿದೆವು.

ಹಾಗಂತ ಹುಡುಕಾಟ ನಿಂತಿಲ್ಲ. ನಮ್ಮ ಪಶ್ಚಿಮ ಘಟ್ಟದ ಆಚೆಈಚೆ, ಕರ್ನಾಟಕದಲ್ಲೂ ಇರುವ ಹೈಡ್ರೊಫೈಲಾಕ್ಸ್ ಬಹುವಿಸ್ತಾರ ಎಂಬ ಕೆಂಪು ಬೆನ್ನಿನ ಕಪ್ಪೆಯ ಚರ್ಮದಿಂದ ಉರುಮಿನ್ ಎಂಬ ಪೆಪ್ಟೈಡ್ ಸಿಕ್ಕಿದ್ದು 2017ರಲ್ಲಿ ಸುದ್ದಿಯಾಯಿತು. ತಿರುವನಂತಪುರದ ರಾಜೀವ್ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಮತ್ತು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರ ಕೆಲಸ ಅದು. ಅದು ಹೊಡೆಯುವುದು ಬ್ಯಾಕ್ಟೀರಿಯಾವನ್ನಲ್ಲ, ಎಚ್1 ಬಗೆಯ ಫ್ಲೂ ವೈರಸ್ಸನ್ನು, ಇಲಿಗಳನ್ನು ಉಳಿಸಿತು. ಇಲಿಯಿಂದ ಮನುಷ್ಯರ ತನಕದ ದಾರಿ ಎಷ್ಟು ಉದ್ದ ಅನ್ನುವುದನ್ನು ಪೆಕ್ಸಿಗನಾನ್ ತೋರಿಸಿಯಾಗಿದೆ.

ಯಾರೂ ಕಪ್ಪೆಯನ್ನು ಹಿಡಿದು ಹುಣ್ಣಿಗೆ ತಿಕ್ಕಲು ಹೋಗಬೇಡಿ ಅಂತ ರಾಯರಿಗೆ ಒತ್ತಿ ಹೇಳಿದೆ, ಅವರ ಕಣ್ಣು ಕಾಲುವೆಯ ಕಡೆ ಹೊರಳಿತ್ತು. ತನಗೆ ಏನೂ ಆಗದೆ ಸಾಲ್ಮೊನೆಲ್ಲಾ ಹೊತ್ತು ತಿರುಗುವ ಪ್ರಾಣಿ ಅದು. 1987ರಲ್ಲಿ ನಿಲ್ಲುವವರೆಗೆ ಭಾರತದಿಂದ ಕಪ್ಪೆಕಾಲು ಪರದೇಶಕ್ಕೆ ರಫ್ತಾಗುತ್ತಿತ್ತಲ್ಲ, ಆ ವ್ಯಾಪಾರದಲ್ಲಿ ಈ ಸಾಲ್ಮೊನೆಲ್ಲಾ ದೊಡ್ಡ ತಲೆನೋವು. ಅದಲ್ಲದೆ ಕೆಲವು ನೆಲಗಪ್ಪೆಗಳ ಕಿವಿಯ ಹಿಂದಿನ ಗಂಟಿನಲ್ಲಿ ಗುಂಡಿಗೆಗೆ ತಾಗುವ ವಿಷವೇ ಇರುತ್ತದೆ. ಮುಟ್ಟಿದರೆ ಕೈತೊಳೆದುಕೊಳ್ಳಬೇಕು, ಅಷ್ಟೇ.

"ಹಾಗಾದ್ರೆ ನನ್ನ ಕಾಲಿಗೆ?"

"ಡಾಕ್ಟರ ಹತ್ತಿರ ಹೋಗಿ ರಾಯರೇ. ಕಾಲು ಒಣಗಿಸಿಕೊಂಡಿರಿ. ಸಕ್ಕರೆ ಹತೋಟಿಯಲ್ಲಿಡಿ."

"ಹಾಗೆ ಹೇಳಿ!" ಅತ್ತಿಗೆ ಬಕೆಟ್ಟು ಹಿಡಿದು ಬೇಲಿಯ ಹತ್ತಿರವೇ ಬಂದುಬಿಟ್ಟರು. "ನಿನ್ನೆ ನನ್ನ ಕಣ್ಣು ತಪ್ಪಿಸಿ ಡಬ್ಬಿಯಲ್ಲಿದ್ದ ಹೋಳಿಗೆ ತಿಂದವರು ಇವರೇ. ಈಗ ಕಪ್ಪೆ ಮುಲಾಮು ಬೇಕಂತೆ."

ರಾಯರು ಕಷಾಯದ ಲೋಟ ಎತ್ತಿಕೊಂಡು, ಹೋಳಿಗೆಯಲ್ಲಿ ಇದ್ದದ್ದು ಬೆಲ್ಲ, ಸಕ್ಕರೆ ಅಲ್ಲ ಅಂತ ವಾದಕ್ಕೆ ನಿಂತರು.